ತಮ್ಮ ನನ್ನ ದನಿಯಲ್ಲಿ ಮಾತಾಡಿದ ವರ್ಷ

ಅರಸೀಕೆರೆಯಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ದಿನಾ ಸಂಜೆ ಐದೂವರೆಗೆ ಟಿ.ವಿ.ಯಲ್ಲಿ ಒಂದು ಕಾರ್ಟೂನು ಬರುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಅದೊಂದು ಸಂಸಾರದ ಕಥೆ. ಕೊಡೆಯನ್ನು ಎಲ್ಲೆಲ್ಲೋ ಮರೆತು ಬರುವ ಅಪ್ಪ, ಅಡುಗೆ ಸೀಯಿಸುವ ಅಮ್ಮ, ಎರಡು ಜಡೆಯ ಅಕ್ಕ, ಗುಂಡು ತಲೆಯ ತಮ್ಮ. ಅಕ್ಕ ಸೌಟು ಹಿಡಿದು ತಮ್ಮನನ್ನು ಅಟ್ಟಿಸಿಕೊಂಡು ಹೋಗುವಳು, ತಮ್ಮ ಮೇಜಿನ ಕೆಳಗೆ ನುಸುಳುವನು. ದಿನವೂ ಇಷ್ಟೇ. ಮಾತೆಲ್ಲ ಹಿಂದಿ. ನಮ್ಮ ಮನೆಯಲ್ಲಿ ಹಿಂದಿ ಬರುತ್ತಿದ್ದುದು ಅಪ್ಪನಿಗೆ ಮಾತ್ರ, ಅದೂ ಅವರ ರೈಲ್ವೆ ಕೆಲಸಕ್ಕೆ ಬೇಕಾದಷ್ಟು.

ಹಾಗಾಗಿ ನನ್ನ ತಮ್ಮ ಟಿ.ವಿ.ಯ ದನಿ ಪೂರ್ತಿ ಇಳಿಸಿ, ತಾನೇ ಎಲ್ಲರಿಗೂ ಕನ್ನಡದಲ್ಲಿ ಮಾತು ಕೊಡುತ್ತಿದ್ದ. ಆಗ ಅವನು ಹತ್ತನೇ ಕ್ಲಾಸು. ಕಾರ್ಟೂನಿನ ಅಪ್ಪನಿಗೆ ಗಂಡಸಿ ಊರಿನ ನಮ್ಮ ಸೋದರಮಾವನ ಮಾತು, ಅಮ್ಮನಿಗೆ ಪಕ್ಕದ ಮನೆಯವರ ರಾಗ. ನಮ್ಮಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳಂತೆ. ‘ಅಂತೆ’ ಎನ್ನಲು ಕಾರಣವಿದೆ. ಆ ಹೊತ್ತಿಗೆ ನಾನು ಮನೆಯಲ್ಲಿ ಇರುತ್ತಿರಲಿಲ್ಲ.

ನನಗೆ ಆಗಷ್ಟೇ ಮಾದಿಹಳ್ಳಿಯ ಕಡೆ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ಹಳೇಬೀಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ವಾಪಸು ಬರುವಾಗ ಆರೂವರೆ, ಕೆಲವು ದಿನ ಏಳು. ಅಮ್ಮನಿಗೆ ಕೀಲುನೋವು ಹೆಚ್ಚಾಗಿ ಕೈಬೆರಳುಗಳು ಸೊಟ್ಟಗಾಗಿದ್ದವು. ಬಿಂದಿಗೆ ಎತ್ತಲು ಆಗದು, ತಲೆ ಬಾಚಿಕೊಳ್ಳಲು ಆಗದು. ನಾನು ಐದಕ್ಕೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಅಮ್ಮನಿಗೆ ಜಡೆ ಹಾಕಿ ಹೊರಡುತ್ತಿದ್ದೆ. ಸಂಜೆ ಬಂದು ಮತ್ತೆ ಒಲೆ ಮುಂದೆ. ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಜಾವಗಲ್ಲು ದಾಟುವುದರೊಳಗೆ ನಿದ್ದೆ ಬಂದುಬಿಡುತ್ತಿತ್ತು. ನಿಂತು ಬಂದ ದಿನ ಕಂಬಿ ಹಿಡಿದೇ ತೂಕಡಿಸುತ್ತಿದ್ದೆ.

ಒಂದು ದಿನ ಹಳೇಬೀಡಿನಲ್ಲಿ ಇಳಿಯುತ್ತಿದ್ದಂತೆ ಅರಸೀಕೆರೆಯ ಬಸ್ಸು ಹೊರಡಲು ನಿಂತಿತ್ತು. ಮುಕ್ಕಾಲು ಗಂಟೆ ಮೊದಲೇ ಮನೆ ಸೇರಿದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ ಹೆಂಗಸಿನ ದನಿ ಕೇಳಿಸಿತು.

“ನಂಗೇನು ಹತ್ತು ಕೈ ಐತಾ? ತಿಂದ ತಟ್ಟೆ ಎತ್ತಕ್ಕಾಗಲ್ವಾ ನಿಮ್ಗೆ? ಮಾಡಿ, ಮಾಡಿ, ಎಲ್ಲಾ ನನ್ ತಲೆ ಮೇಲೇ ಹಾಕಿ. ನಾನೊಬ್ಬಳು ಇದೀನಲ್ಲ ಸಾಯಕ್ಕೆ.”

ಎರಡು ಜಡೆಯ ಅಕ್ಕ ಪರದೆಯ ಮೇಲೆ ಸೌಟು ಆಡಿಸುತ್ತಿದ್ದಳು. ಮಾತು ತಮ್ಮನದು. ದನಿ ನನ್ನದು. ಕೊನೆಯ ಪದವನ್ನು ಮೂಗಿನಲ್ಲಿ ಎಳೆಯುವುದು, ನಡುವೆ ಒಂದು ನಿಟ್ಟುಸಿರು, ಎಲ್ಲವೂ ನನ್ನದೇ. ನನ್ನ ಮಾತು ಹೊರಗಿನಿಂದ ಹೀಗೆ ಕೇಳಿಸುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಮ್ಮ ಅಣಕಿಸಿದ್ದನ್ನು ತಡೆದುಕೊಳ್ಳಬಹುದಿತ್ತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು. ನಾನು ಕಾಲು ತೊಳೆದು ಸೊಪ್ಪು ಬಿಡಿಸಲು ಕುಳಿತೆ.

ಆಮೇಲೆ ಸುಮಾರು ಒಂದು ತಿಂಗಳು ನಾನು ತಮ್ಮನ ಜೊತೆ ಮಾತು ಬಿಟ್ಟೆ. ತಟ್ಟೆಗೆ ಬಡಿಸುತ್ತಿದ್ದೆ, ಬಟ್ಟೆ ಒಗೆದು ಹಾಕುತ್ತಿದ್ದೆ, ಮಾತು ಮಾತ್ರ ಇಲ್ಲ. ಸಿಟ್ಟು ಒಂದು ವಾರಕ್ಕೇ ಕರಗಿತ್ತು. ಬಾಯಿ ತೆರೆದರೆ ಅದೇ ರಾಗ ಬಂದೀತೆಂಬ ಹೆದರಿಕೆ ಉಳಿದಿತ್ತು. ಅವನೂ ಕ್ಷಮಿಸು ಎನ್ನಲಿಲ್ಲ. ಕಾರ್ಟೂನಿಗೆ ಮಾತು ಕೊಡುವುದನ್ನು ನಿಲ್ಲಿಸಿದ. ಐದೂವರೆಗೆ ಹಿಂದಿಯಲ್ಲೇ ಅದು ಓಡುತ್ತಿತ್ತು, ಯಾರೂ ನಗುತ್ತಿರಲಿಲ್ಲ.

ಒಂದು ಭಾನುವಾರ ಜಡೆ ಹಾಕಿಸಿಕೊಳ್ಳುವಾಗ ಅಮ್ಮ ಹೇಳಿದಳು. “ಅವ್ನ ಜೊತೆ ಮಾತಾಡು ಕಣೇ. ಮನೇಲಿ ಉಸಿರು ಕಟ್ಟಿದಂಗೆ ಆಯ್ತೈತೆ.”

“ಮಾತಾಡಿದ್ರೆ ಅಣಕಿಸ್ತೀರಿ.”

“ನಕ್ಕಿದ್ದು ತಪ್ಪು, ನಂಗೊತ್ತು. ಆದ್ರೂ ಒಂದು ಮಾತು ಹೇಳ್ತೀನಿ. ಅವ್ನು ಸೌದೆ ಒಲೆ ಹತ್ರ ಬಂದ್ರೂ ಓಡಿಸ್ತೀಯ. ಹೋದ ವರ್ಷ ಮುದ್ದೆ ತೊಳಸ್ತೀನಿ ಅಂತ ಕೋಲು ಹಿಡ್ಕಂಡ. ‘ಬಿಡು, ನಿಂಗೆ ಬರಲ್ಲ’ ಅಂತ ಕಿತ್ಕಂಡೆ. ನೀನೂ ಬಿಟ್ಟುಕೊಡಲ್ಲ.”

ನನಗೆ ಅದು ನೆನಪೇ ಇರಲಿಲ್ಲ. ಇಲ್ಲ ಎಂದು ವಾದಿಸಿದೆ. ಜಡೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದೆನೆಂದು ಕಾಣುತ್ತದೆ, ಅಮ್ಮ ಸಣ್ಣಗೆ ನರಳಿದಳು. ಮಾತು ಅಲ್ಲಿಗೆ ನಿಂತಿತು.

ಅದಾದ ಸ್ವಲ್ಪ ದಿನಕ್ಕೆ ನನಗೆ ಟೈಫಾಯ್ಡ್ ಬಂತು. ಮೂರು ವಾರ ಮಲಗಬೇಕು ಎಂದರು ಡಾಕ್ಟರು. ಅಪ್ಪನಿಗೆ ಆಗ ಹಗಲು ಪಾಳಿ. ಮೊದಲ ದಿನ ನಾನು ಚಾಪೆಯಿಂದ ಏಳಲು ನೋಡಿದೆ, ಗೋಡೆ ತಿರುಗಿತು. ತಮ್ಮ ಹೆಗಲು ಹಿಡಿದು ಮತ್ತೆ ಮಲಗಿಸಿದ. ಒಂದು ತಿಂಗಳ ಮೇಲೆ ಅವನು ನನಗೆ ಆಡಿದ ಮೊದಲ ಮಾತು, “ಎದ್ದೇಳ್ಬೇಡ ಕಣಕ್ಕಾ.”

ಹೊದಿಕೆಯೊಳಗಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ನಲ್ಲಿಯ ಹತ್ತಿರ ಹೆಂಗಸರ ಜೊತೆ ಅವನ ಜಗಳ, ಉಕ್ಕಿದ ಹಾಲು, ಬಿದ್ದ ಮುಚ್ಚಳ. ಮುದ್ದೆ ಗಂಟುಗಂಟಾಗಿ ಒಳಗೆ ಹಿಟ್ಟು ಹಾಗೇ ಇರುತ್ತಿತ್ತು. ಅಪ್ಪ ಮಾತಿಲ್ಲದೆ ನುಂಗುತ್ತಿದ್ದರು. ಅಮ್ಮನನ್ನು ಹೊಸ್ತಿಲ ಹತ್ತಿರ ಕೂರಿಸಿ ಜಡೆ ಹಾಕುವುದನ್ನು ಕಲಿತ. ಮೂರು ಎಳೆ ಎಂದು ಅಮ್ಮ ಹೇಳಿಕೊಟ್ಟರೂ ಎರಡು ದಿನ ಹಗ್ಗದ ಹಾಗೆ ಹೊಸೆದು ಬಿಟ್ಟಿದ್ದ. ಇದರ ನಡುವೆಯೇ ಶಾಲೆಗೂ ಹೋಗಿ ಬರುತ್ತಿದ್ದ.

ಎರಡನೆಯ ವಾರ, ಒಂದು ಸಂಜೆ, ಅಡುಗೆಮನೆಯಿಂದ ಅವನ ದನಿ ಬಂತು. “ಎಷ್ಟು ಸಲ ಹೇಳ್ಲಿ ಅಪ್ಪಾ, ಕಾಫಿ ಕುಡ್ದ ಲೋಟ ಬಚ್ಚಲಿಗೆ ಹಾಕಿ ಅಂತ? ಎಲ್ಲಾ ನಾನೊಬ್ನೇ ನೋಡ್ಬೇಕಾ?”

ಅದರಲ್ಲಿ ಅಣಕವಿರಲಿಲ್ಲ. ಅವನು ನಿಜವಾಗಿಯೂ ಸಿಟ್ಟಾಗಿದ್ದ. ಅಪ್ಪ ಲೋಟ ಎತ್ತಿಕೊಂಡು ಎದ್ದು ಹೋದರು. ತಮ್ಮ ಬಂದು ನನ್ನ ಚಾಪೆಯ ಪಕ್ಕದ ಗೋಡೆಗೆ ಒರಗಿ ಕುಳಿತ. ಕೈಯಲ್ಲಿ ಮಸಿಬಟ್ಟೆ, ಮೊಣಕೈ ಹತ್ತಿರ ಸುಟ್ಟ ಗುರುತು.

“ಅಕ್ಕಾ, ದಿನಾ ಇಷ್ಟು ಇರ್ತದಾ?”

“ಹೂಂ.”

“ಭಾನುವಾರನೂ?”

“ಭಾನುವಾರ ಬಟ್ಟೆ ಜಾಸ್ತಿ.”

ಅವನು ಮಸಿಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. “ನಾನು ಅಂಗೆ ಮಾಡಬಾರದಿತ್ತು,” ಎಂದ.

“ನಿಂಗೆ ಬರಲ್ಲ ಅಂತ ನಾನೂ ಅನ್ನಬಾರದಿತ್ತು,” ಎಂದೆ. ಅಮ್ಮ ಹೇಳಿದ್ದು ನಿಜವೆಂದು ಮಲಗಿದ್ದಲ್ಲೇ ಒಪ್ಪಿಕೊಂಡಿದ್ದೆ. ಕೆಲಸ ಹೆಚ್ಚು ಎಂದು ಗೊಣಗುತ್ತಿದ್ದವಳೂ ನಾನೇ, ಯಾರಿಗೂ ಬಿಡದವಳೂ ನಾನೇ. ನಾನಿಲ್ಲದೆ ಮನೆ ನಡೆಯುವುದಿಲ್ಲ ಎನ್ನುವುದೊಂದೇ ಆಗ ನನಗಿದ್ದ ಹೆಮ್ಮೆ.

ಹುಷಾರಾದ ಮೇಲೆ ನಾನು ಏಕಾಏಕಿ ಬದಲಾದೆ ಎಂದರೆ ಸುಳ್ಳಾಗುತ್ತದೆ. ನೀರು, ಬೆಳಗಿನ ಅಡುಗೆ, ಅಮ್ಮನ ಜಡೆ ಅವನ ಪಾಲಿಗೆ ಬಂತು. ಅವನು ಈರುಳ್ಳಿ ದಪ್ಪಗೆ ಹೆಚ್ಚಿದಾಗ ನನ್ನ ಕೈ ತಾನಾಗಿ ಈಳಿಗೆಮಣೆಯ ಕಡೆ ಹೋಗುತ್ತಿತ್ತು. ಎಷ್ಟೋ ಸಲ ಹಿತ್ತಲಿಗೆ ಹೋಗಿ ನಿಂತುಕೊಳ್ಳುತ್ತಿದ್ದೆ. ಅವನೂ ಅಷ್ಟೇ, ಒಂದೊಂದು ದಿನ ಪುಸ್ತಕದ ನೆಪ ಹೇಳಿ ಹೊದ್ದು ಮಲಗಿಬಿಡುವನು. ಜಗಳವೂ ಆಗುತ್ತಿತ್ತು. ಕಾರ್ಟೂನಿನವರು ಪ್ರತಿದಿನ ಹಿಂದಿನ ದಿನದ ಜಗಳ ಮರೆತು ಹೊಸದಾಗಿ ಶುರು ಮಾಡುತ್ತಿದ್ದರು. ನಮಗೆ ಆ ಅನುಕೂಲ ಇರಲಿಲ್ಲ. ಅಮ್ಮನ ಬೆರಳುಗಳು ವರ್ಷವರ್ಷಕ್ಕೂ ಇನ್ನಷ್ಟು ಬಾಗುತ್ತಿದ್ದವು.

ಐದು ವರ್ಷದ ನಂತರ ನಾನು ಮದುವೆಯಾಗಿ ಬೇಲೂರಿಗೆ ಹೋದೆ. ತಮ್ಮ ಐಟಿಐ ಮುಗಿಸಿ ಊರಲ್ಲೇ ಪಂಪಿನ ಮೋಟಾರು ರಿಪೇರಿ ಅಂಗಡಿ ಸೇರಿದ್ದ. ಹೊರಡುವ ದಿನ ಅಮ್ಮನ ಮಾತ್ರೆಗಳ ಬಗ್ಗೆ ಹೇಳಲು ಶುರು ಮಾಡಿದೆ. “ಅದೆಲ್ಲಾ ನಂಗೊತ್ತು, ನೀನು ಹೋಗು,” ಎಂದ. ಹಗುರವಾಗಬೇಕಿತ್ತು. ಹಾಗಾಗಲಿಲ್ಲ. ಯಾರೋ ಕೆಲಸದಿಂದ ತೆಗೆದುಹಾಕಿದ ಹಾಗಾಯಿತು.

ಎರಡು ತಿಂಗಳಿಗೆ ತೌರಿಗೆ ಬಂದಾಗ ಅಡುಗೆಮನೆಯಲ್ಲಿ ಡಬ್ಬಗಳ ಜಾಗವೆಲ್ಲ ಬದಲಾಗಿತ್ತು. ಉಪ್ಪು ಎಲ್ಲಿ ಎಂದು ಅವನನ್ನೇ ಕೇಳಬೇಕಾಯಿತು. “ನೀನು ಕೂತ್ಕೋ,” ಎಂದು ಅವನೇ ತೆಗೆದ. ಉಂಡ ಮೇಲೆ ಅಮ್ಮನ ಪಕ್ಕ ಸುಮ್ಮನೆ ಕಾಲು ಚಾಚಿದವಳಿಗೆ ನಿದ್ದೆ ಹತ್ತಿತು. ಎದ್ದಾಗ ನನ್ನ ಬಸ್ಸಿನ ಹೊತ್ತು ಮೀರಿತ್ತು.

“ಯಾಕೋ ಎಬ್ಬಿಸ್ಲಿಲ್ಲ?” ಎಂದೆ.

“ಆರಕ್ಕೆ ಇನ್ನೊಂದೈತೆ,” ಎಂದ. “ಮಕ ತೊಳ್ಕಂಡು ಬಾ, ಕಾಫಿ ಇಡ್ತೀನಿ.”