ಎರಡನೆಯ ಪೊಟ್ಟಣ

ಪೇರಲದ ಹೂವಿಗೆ ಹಾರ್ಮೋನು ಹೊಡೆದು ಬೀಜವಿಲ್ಲದ ಹಣ್ಣು ಬೆಳೆಸುವುದನ್ನು ಕುಷ್ಟಗಿ ಕಡೆಯ ನಮಗೆಲ್ಲ ತೋರಿಸಿಕೊಟ್ಟವನು ತೋಟದಿಂದ ತೋಟಕ್ಕೆ ಹೋಗಿ ಔಷಧಿ ಹೊಡೆಯುತ್ತಿದ್ದ ಒಬ್ಬಾತ. ಹಾರ್ಮೋನಿನ ಪುಡಿ ತೂಗುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಖಾಲಿ ಪೊಟ್ಟಣವನ್ನು ತೋಟದಲ್ಲಿ ಬಿಡದೆ ತಾನೇ ಒಯ್ಯುತ್ತಿದ್ದ. ಪ್ರತಿ ಗಿಡದಲ್ಲೂ ಒಂದು ಟೊಂಗೆಗೆ ಹಳೆಯ ಸೀರೆಯ ಚೂರು ಕಟ್ಟಿ, ಅದಕ್ಕೆ ಮಾತ್ರ ಹೊಡೆಯುತ್ತಿರಲಿಲ್ಲ.

“ಯಾಕೋ ತಮ್ಮಾ, ಆ ಟೊಂಗಿ ನಿನ್ನ ಬೀಗರದೇನು?” ಎಂದು ಛೇಡಿಸುತ್ತಿದ್ದೆ.

“ಗಿಡಕ್ಕ ತನ್ನ ರುಚಿ ನೆನಪಿರ್ಲಿ ಬಿಡ್ರಿ, ಗೌಡ್ರ,” ಎನ್ನುತ್ತಿದ್ದ. ಪ್ರತಿ ಸಲವೂ ಅದೇ ಮಾತು.

ನನಗೆ ದೊಡ್ಡ ಹಣ್ಣಿನ ಆಸೆ. ಒಂದು ಹಂಗಾಮಿನಲ್ಲಿ ಆತ ಬುತ್ತಿ ಬಿಚ್ಚಿ ಕೂತಾಗ, ಅವನು ಔಷಧಿ ಕಲಸಿಟ್ಟಿದ್ದ ಡ್ರಮ್ಮಿಗೆ ಗುಟ್ಟಾಗಿ ಇನ್ನೊಂದು ಪೊಟ್ಟಣ ಸುರಿದೆ. ಬೀಜವೇನೋ ಇರಲಿಲ್ಲ, ಆದರೆ ಕಾಯಿಗಳು ಸೊಟ್ಟಗಾಗಿ ಸೀಳಿದವು. ನೋಡಲು ಬಂದ ಅಕ್ಕಪಕ್ಕದ ತೋಟದವರ ಮುಂದೆ, “ಅಳತಿ ತಪ್ಪಿದಾವ ಇವನೇ ನೋಡ್ರಿ,” ಎಂದುಬಿಟ್ಟೆ.

ಆತ ತನ್ನ ಪಂಪು ತರಲು ಮೋಟರು ಮನೆಗೆ ಹೋದ. ನಾನು ಸೂರಿನಲ್ಲಿ ಸಿಕ್ಕಿಸಿ ಮರೆತಿದ್ದ ಖಾಲಿ ಪೊಟ್ಟಣ ಅಲ್ಲಿ ಅವನ ಕಣ್ಣಿಗೆ ಬಿತ್ತು. ಎಲ್ಲರಿಗೂ ತೋರಿಸುತ್ತಾನೆ ಎಂದುಕೊಂಡೆ. ಆತ ಅದನ್ನು ಮಡಚಿ ನನ್ನ ಅಂಗೈಯಲ್ಲಿಟ್ಟು, “ಇದನ್ನ ಸುಟ್ಟುಬಿಡ್ರಿ, ಗೌಡ್ರ,” ಎಂದು ಮೆಲ್ಲಗೆ ಹೇಳಿ ಹೋದ. ಮುಂದೆ ಯಾವ ತೋಟದವರೂ ಅವನನ್ನು ಕರೆಯಲಿಲ್ಲ.

ಈಗ ಸಂತೆಯಲ್ಲಿ ಮೂಟೆ ಹೊರುತ್ತಾನೆ. ಮೊನ್ನೆ ಎದುರಾದವನು ಹೊರೆ ಇಳಿಸಿ, “ಬಟ್ಟಿ ಕಟ್ಟಿದ ಟೊಂಗಿ ಹೆಂಗದಾವ್ರಿ?” ಎಂದ.

“ಛಲೋ ಅದಾವಪ್ಪ,” ಎಂದೆ. ಸುತ್ತ ಅಂದು ನೋಡಲು ಬಂದಿದ್ದ ತೋಟದವರೇ ಇದ್ದರು. ಆಗಲೂ ಅಷ್ಟೇ ಹೇಳಿದೆ.