ಅಂಟಿಲ್ಲದ ಮೂಲೆ

ಬೀದಿಯವರೆಲ್ಲ ದರ್ಜಿಯಕ್ಕ ಎಂದು ಕರೆಯುವ ಆ ಹೆಂಗಸಿಗೆ ಎರಡು ಹುಚ್ಚು. ಒಂದು, ಚಿತ್ರ ಬರೆಯುವುದು. ಇನ್ನೊಂದು, ಕ್ಯಾನ್ವಾಸ್ ಬಿಗಿಯುವ ಮರದ ಚೌಕಟ್ಟನ್ನೂ ತಾನೇ ಮಾಡಿಕೊಳ್ಳುವುದು. ಒಡಹುಟ್ಟಿದ ಅಣ್ಣ ಬಡಗಿ, ಕೂಗಿದರೆ ಕೇಳುವಷ್ಟು ಹತ್ತಿರ ಅವನ ಅಂಗಡಿ. ಆದರೂ ಅವನ ಕೈಗೆ ಒಂದು ಮರದ ರೀಪು ಕೊಟ್ಟವಳಲ್ಲ. ಕೊಟ್ಟರೆ ಅಂಟು ಬಳಿದುಬಿಡುತ್ತಾನೆ ಎಂಬ ಭಯ!

ಅವಳ ಚೌಕಟ್ಟಿಗೆ ಅಂಟೂ ಇಲ್ಲ, ಮೂಲೆಗೆ ಮೊಳೆಯೂ ಇಲ್ಲ. ಒಂದು ರೀಪಿನ ನಾಲಗೆ ಇನ್ನೊಂದರ ಸೀಳಿನಲ್ಲಿ ಕೂರುತ್ತದೆ, ಒಳಮೂಲೆಗೆ ಪುಟ್ಟ ಬೆಣೆಗಳು. ಕ್ಯಾನ್ವಾಸ್ ಜೋಲು ಬಿದ್ದರೆ ಬೆಣೆಗೆ ಒಂದೇಟು ಹಾಕಿದರಾಯಿತು, ಮತ್ತೆ ಬಿಗಿ. ರೀಪಿನ ಒಳ ಅಂಚನ್ನು ಕೀಸಿ ಇಳಿಜಾರು ಮಾಡುತ್ತಾಳೆ, ಇಲ್ಲದಿದ್ದರೆ ಮರ ತಾಗಿ ಚಿತ್ರದ ಮೇಲೆ ಗೆರೆ ಏಳುತ್ತದೆ. ಯಾರು ಹೇಳಿಕೊಟ್ಟರು ಎನ್ನುತ್ತೀರಾ? ಯಾರೂ ಇಲ್ಲ. ರಾಶಿ ಚಿತ್ರ ಕೆಡಿಸಿ ಕಲಿತದ್ದು.

"ಅಂಟಿಲ್ಲದ ಕೀಲು ಕೀಲೇ ಅಲ್ಲ ಕಣೇ. ಯಾರ ತಲೆ ಮೇಲಾದ್ರೂ ಬಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ," ಎಂದು ಅಣ್ಣನ ಗೊಣಗಾಟ.

"ಬಿಚ್ಚೋಕೆ ಬರ್ಲಿ ಅಂತಾನೇ ಹಾಗೆ ಮಾಡಿರೋದು. ನೀನು ನಿನ್ನ ಬಾಗಿಲು ಕಿಟಕಿ ನೋಡ್ಕೋ ಹೋಗು."

ಹೊಸ ಗ್ರಂಥಾಲಯದ ದೊಡ್ಡ ಗೋಡೆಗೆ ಚಿತ್ರ ಬರೆದುಕೊಡಿ ಎಂದು ಅಲ್ಲಿಯ ಮೇಡಂ ಬಂದು ಕೇಳಿದಾಗ ದರ್ಜಿಯಕ್ಕ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅಲ್ಲಿಯವರೆಗೆ ಅವಳ ಚಿತ್ರಗಳಿಗೆ ಮಂಚದ ಕೆಳಗೇ ಜಾಗ. ಮಹಡಿಯ ಹೊಲಿಗೆ ಕೋಣೆಯಲ್ಲಿ ಆಳೆತ್ತರದ ಚೌಕಟ್ಟು ಕಟ್ಟಿ, ಅಳತೆ ಕೊಡಲು ಕೈ ಚಾಚಿ ನಿಂತ ಇಡೀ ಬೀದಿಯನ್ನೇ ಬರೆದಳು. ಬಲತುದಿಯಲ್ಲಿ ಅಣ್ಣ, ಎರಡೂ ಕೈ ಅಗಲಿಸಿಕೊಂಡು.

ಗ್ರಂಥಾಲಯ ತೆರೆಯುವ ದಿನ ಬಂತು. ಸಂಜೆಯೊಳಗೆ ಚಿತ್ರ ಬರದಿದ್ದರೆ ಅಂಗಡಿಯಿಂದ ತಂದ ಜಲಪಾತದ ಚಿತ್ರ ನೇತುಹಾಕುತ್ತೇವೆ ಎಂದಿದ್ದರು ಮೇಡಂ. ಇಕ್ಕಟ್ಟಾದ ಮೆಟ್ಟಿಲಲ್ಲಿ ಅಷ್ಟು ದೊಡ್ಡದು ಇಳಿಯುವುದಿಲ್ಲ ಎಂದು ದರ್ಜಿಯಕ್ಕನಿಗೆ ಮೊದಲೇ ಗೊತ್ತು, ಬಿಚ್ಚಿ ಒಯ್ದು ಅಲ್ಲೇ ಜೋಡಿಸುವುದು ಅವಳ ಲೆಕ್ಕ. ಬಟ್ಟೆಯಂಚಿಗೆ ಹೊಡೆದಿದ್ದ ಮೊಳೆ ಕಿತ್ತು ಕ್ಯಾನ್ವಾಸ್ ಸುತ್ತಿಟ್ಟಳು, ಮರದ ಕೊಡತಿಯಿಂದ ಮೂಲೆಗೆ ಒಂದೇಟು ಕೊಟ್ಟಳು. ಅಲುಗಲಿಲ್ಲ. ಇನ್ನೊಂದೇಟು. ಊಹೂಂ! ಬಗ್ಗಿ ನೋಡಿದರೆ ಸೀಳಿನ ತುಂಬ ಗಟ್ಟಿಯಾದ ಅಂಟು.

ಹೊರಲು ಬಂದಿದ್ದ ಅಣ್ಣನ ಮುಖ ಸುಣ್ಣದಂತಾಯಿತು. "ಮೊನ್ನೆ ನೀನಿಲ್ಲದಾಗ... ಭದ್ರ ಇರ್ಲಿ ಅಂತ ಸ್ವಲ್ಪ..." ಮೆಟ್ಟಿಲ ವಿಷಯ ಮಾತ್ರ ಆ ಪುಣ್ಯಾತ್ಮನ ತಲೆಗೆ ಹೊಳೆದಿರಲಿಲ್ಲ.

ದರ್ಜಿಯಕ್ಕನ ಕಣ್ಣು ತುಂಬಿತು. ಜೀವಮಾನದಲ್ಲಿ ಒಂದೇ ಒಂದು ಗೋಡೆ ಸಿಕ್ಕಿತ್ತು, ಅದೂ ಕೈತಪ್ಪುತ್ತದಲ್ಲ! ಸ್ವಲ್ಪ ಹೊತ್ತು ಕತ್ತರಿ, ಟೇಪು, ಹೊಲಿಗೆ ಮಿಷನ್ನು ನೋಡುತ್ತ ಕೂತಳು. ಆಮೇಲೆ ಮೂಗೊರೆಸಿಕೊಂಡು ಎದ್ದಳು.

"ಗರಗಸ ತಗೊಂಡ್ ಬಾ. ನಾಲ್ಕೂ ಮೂಲೆ ಕೊಯ್ದು ಹಾಕು."

"ಚೌಕಟ್ಟು ಚಿಕ್ಕದಾಗುತ್ತಲ್ಲೇ! ಚಿತ್ರ?"

"ದೊಡ್ಡ ಅಂಗೀನ ಹಿಡಿದು ಚಿಕ್ಕದು ಮಾಡೋದು ನನಗೇನು ಹೊಸದಾ? ಕೊಯ್ಯಿ ಅಂದ್ರೆ ಕೊಯ್ಯಿ."

ರೀಪುಗಳೂ ಕ್ಯಾನ್ವಾಸ್ ಸುರುಳಿಯೂ ಸಲೀಸಾಗಿ ಮೆಟ್ಟಿಲಿಳಿದವು. ಗ್ರಂಥಾಲಯದ ಅಂಗಳದಲ್ಲಿ ಅವಳು ಗುರುತು ಹಾಕಿದಲ್ಲಿ ಅಣ್ಣ ಹೊಸ ಕೀಲು ಕೊರೆದ. ಕೈ ತಾನಾಗಿ ಜೇಬಿನ ಅಂಟಿನ ಡಬ್ಬಿಯತ್ತ ಹೋಯಿತು. ಅವಳು ಒಂದು ಸಲ ದಿಟ್ಟಿಸಿದಳು, ಕೈ ಹಿಂದಕ್ಕೆ ಬಂತು. ಕ್ಯಾನ್ವಾಸ್ ಎಳೆದು, ಅಂಚು ಮಡಿಚಿ ಮೊಳೆ ಹೊಡೆದು, ಕೊನೆಗೆ ಬೆಣೆಗೆ ಏಟು ಹಾಕಿದಾಗ ಕ್ಯಾನ್ವಾಸ್ ಢಣ್ಣೆಂದಿತು.

ಬಾಗಿಲು ತೆರೆದಾಗ ಚಿತ್ರ ಗೋಡೆಯ ಮೇಲಿತ್ತು. ಬೀದಿಗೆ ಬೀದಿಯೇ ನುಗ್ಗಿ ತನ್ನನ್ನು ತಾನು ಹುಡುಕಿಕೊಂಡಿತು. "ಅಯ್ಯಯ್ಯೋ, ನನ್ನ ಹೊಟ್ಟೆ ಇಷ್ಟು ದಪ್ಪಾನಾ!" ಎಂದು ಯಾರೋ ಕಿರುಚಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಜಲಪಾತ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ದರ್ಜಿಯಕ್ಕನಿಗೆ ಹಿಡಿಸಲಾರದಷ್ಟು ಹಿಗ್ಗು.

ಮೇಡಂ ಅಣ್ಣನ ಕಡೆ ತಿರುಗಿದರು. "ಚಿತ್ರದಲ್ಲಿ ಎಲ್ಲರ ಕೈಯೂ ಪೂರ್ತಿ ಇದೆ. ನಿಮ್ಮ ಬೆರಳು ಮಾತ್ರ ಎಲ್ಲಿ ಹೋಯ್ತು?"

"ಅಂಚಿನ ಹಿಂದೆ ಇದೆ, ಮೇಡಂ," ಎಂದ ಅಣ್ಣ, ಎಲ್ಲರಿಗೂ ಕೇಳುವ ಹಾಗೆ. "ಅಂಟು ಮುಟ್ಟಿದ ಬೆರಳು ನೋಡಿ, ನನ್ನ ತಂಗಿ ಮಡಿಚಿ ಮೊಳೆ ಹೊಡೆದಿದ್ದಾಳೆ."