ಗಾಳಿ ಸೋರುತ್ತಿದ್ದ ಜಾಗ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನನ್ನ ಗಂಡ ಬೆಂಗಳೂರಿನಲ್ಲಿ ವಿಮಾನಗಳ ಇಂಜಿನ್ ರಿಪೇರಿ ಮಾಡುತ್ತಿದ್ದರು. ಯುದ್ಧ ಮುಗಿದು ಆ ಕೆಲಸ ನಿಂತಾಗ ನಾವು ದೊಡ್ಡಬಳ್ಳಾಪುರದ ನನ್ನ ತವರಿಗೆ ಬಂದೆವು. ನನ್ನ ತಮ್ಮ ತನ್ನ ಮಗ್ಗದ ಮನೆಯ ಹಿಂದಿನ ಕೊಟ್ಟಿಗೆಯನ್ನು ಬಿಟ್ಟುಕೊಟ್ಟ. ಅಲ್ಲಿ ಇವರು ಕಾರು ರಿಪೇರಿ ಮಾಡುತ್ತಾರೆಂದು ಊರವರು ತಿಳಿದಿದ್ದರು. ಇವರು ಕಟ್ಟುತ್ತಿದ್ದುದು ಇಬ್ಬರು ಕೂರುವಂಥ ಒಂದು ವಿಮಾನವನ್ನು.

ಮರದ ಮೈ, ಬಟ್ಟೆಯ ರೆಕ್ಕೆ. ಬಟ್ಟೆ ಹೊಲಿದವಳು ನಾನೇ. ಸೈನ್ಯದವರು ಬೇಡವೆಂದು ಮಾರಿದ ಸಾಮಾನಿನಲ್ಲಿ ಇಂಜಿನ್ ಸಿಕ್ಕಿತ್ತು. ಎಡಕ್ಕೆ ಎರಡು, ಬಲಕ್ಕೆ ಎರಡು ಸಿಲಿಂಡರ್. ಅವುಗಳ ಸುತ್ತ, ಬಾಚಣಿಗೆಯ ಹಲ್ಲಿನಂತೆ ಸಾಲಾಗಿ, ತೆಳುವಾದ ಲೋಹದ ಏಣುಗಳು. ನನಗೆ ಅದನ್ನು ಕಂಡಾಗಿನಿಂದ ಒಂದೇ ಪ್ರಶ್ನೆ.

"ರೀ, ಲಾರಿಗೆ ನೀರು ಹಾಕ್ತಾರಲ್ಲ, ಇದಕ್ಕೆಲ್ಲಿ ಹಾಕೋದು?"

"ಇದಕ್ಕೆ ನೀರಿಲ್ಲ ಕಣೇ. ಗಾಳೀನೇ ನೀರು."

ವಿಮಾನದ ಮೂತಿಯ ತೂತಿನಿಂದ ಗಾಳಿ ನುಗ್ಗಿ ಇಂಜಿನ್ನಿನ ಮೇಲೆ ತುಂಬಿಕೊಳ್ಳಬೇಕು, ಆಮೇಲೆ ಏಣುಗಳ ಸಂದಿಯಲ್ಲಿ ಕೆಳಗಿಳಿದು ಬಿಸಿಯನ್ನು ಹೊತ್ತುಕೊಂಡು ಹೋಗಬೇಕು ಎಂದು ವಿವರಿಸಿದರು. ಅದು ಬೇರೆ ದಾರಿ ಹಿಡಿಯದಂತೆ ಇಂಜಿನ್ನಿನ ಹಿಂದೆ, ಪಕ್ಕದಲ್ಲಿ ತಗಡಿನ ಗೋಡೆಗಳನ್ನು ಕತ್ತರಿಸಿ ಕೂರಿಸಿದರು. ರಟ್ಟಿನಲ್ಲಿ ಅಳತೆ ತೆಗೆಯುವುದು ನನ್ನ ಪಾಲಿಗೆ ಬಂತು. ರವಿಕೆ ಕತ್ತರಿಸಿ ಕೈ ಪಳಗಿತ್ತು. ಆದರೆ ಈ ಗೋಡೆ, ಇಂಜಿನ್ನನ್ನು ಮೇಲಿನಿಂದ ಮುಚ್ಚುವ ಮುಚ್ಚಳಕ್ಕೆ ತಾಗುವ ಹಾಗಿಲ್ಲ. ಇಂಜಿನ್ ನಡುಗುವಾಗ ಎರಡೂ ಉಜ್ಜಿ ಹರಿದುಹೋಗುತ್ತವೆ. ಅದಕ್ಕೆಂದು ಬಿಟ್ಟ ಬೆರಳಗಲದ ಸಂದಿಗೆ ಲಾರಿ ಟ್ಯೂಬಿನ ರಬ್ಬರಿಗೆ ದಪ್ಪ ಬಟ್ಟೆ ಕೊಟ್ಟು ಹೊಲಿದು, ಗೋಡೆಯ ತುದಿಗೆ ಪಟ್ಟಿ ಬಿಗಿದೆವು. ಪಟ್ಟಿ ಹಿಂದಕ್ಕೆ ವಾಲಿ ಮುಚ್ಚಳಕ್ಕೆ ಅಂದವಾಗಿ ಒರಗಿತು.

ಹುಣಸೆಮರಕ್ಕೆ ವಿಮಾನದ ಬಾಲ ಕಟ್ಟಿ ಇಂಜಿನ್ ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೇ ಶಾಖ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು. ನಿಲ್ಲಿಸಿ, ಸಂದುಗಳನ್ನೆಲ್ಲ ಮತ್ತೆ ಬಿಗಿದು, ಮತ್ತೆ ಓಡಿಸಿದರು. ಅದೇ ಕಥೆ.

"ಒಳಗಡೆ ಏನಾಗ್ತಿದೆ ಅಂತ ಕಣ್ಣಿಗೆ ಕಂಡ್ರಲ್ವಾ ಗೊತ್ತಾಗೋದು?" ಎಂದೆ.

ಮಾರನೆಯ ದಿನ ಇವರು ಮುಚ್ಚಳದಲ್ಲಿ ಅಂಗೈಯಷ್ಟು ಕಿಟಕಿ ಕೊರೆದು, ಮುಂಗಾಜಿಗೆಂದು ತಂದಿದ್ದ, ಗಾಜಿನಂತೆ ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಯ ತುಂಡು ಕೂರಿಸಿದರು. ಗಾಳಿ ಕಣ್ಣಿಗೆ ಕಾಣಬೇಕಲ್ಲ? ತಮ್ಮನ ಮಗ್ಗದಿಂದ ರೇಷ್ಮೆ ಎಳೆಗಳನ್ನು ತಂದು, ಸಿಲಿಂಡರುಗಳ ಮೇಲೂ ಗೋಡೆಯ ತುದಿಗೂ ಅಂಟಿಸಿದೆ. ಗಾಳಿ ಏಣುಗಳೊಳಗೆ ಇಳಿಯುತ್ತಿದ್ದರೆ ಎಳೆಗಳೂ ಅತ್ತಲೇ ಬಾಗಬೇಕು.

ಇವರು ಒಳಗೆ ಕೂತರು. ನನ್ನ ತಮ್ಮ ವಿಮಾನದ ಬಾಲ ಹಿಡಿದ. ನಾನು ಸೆರಗು ಬಿಗಿದು, ಮೂತಿಯಲ್ಲಿ ತಿರುಗುವ ಪಂಖದಿಂದ ದೂರ, ರೆಕ್ಕೆಯ ಮಗ್ಗುಲಲ್ಲಿ ನಿಂತು ಕಿಟಕಿಯೊಳಗೆ ಇಣುಕಿದೆ. ಸದ್ದಿಗೆ ಹಲ್ಲು ಅಲುಗುತ್ತಿತ್ತು. ಎಳೆಗಳು ಒಂದೂ ಕೆಳಗೆ ಬಾಗಲಿಲ್ಲ. ಎಲ್ಲವೂ ಹಿಂದಕ್ಕೆ ಚಾಚಿ, ಗೋಡೆ ಹಾರಿ ಹೋಗುವಂತೆ ಪಟಪಟ ಬಡಿದುಕೊಳ್ಳುತ್ತಿದ್ದವು. ರಬ್ಬರ್ ಪಟ್ಟಿ ಮುಚ್ಚಳ ಬಿಟ್ಟು ಅಂಗಾತ ಮಲಗಿತ್ತು!

ಇಂಜಿನ್ ನಿಂತ ಮೇಲೆ ಕಂಡದ್ದನ್ನು ಹೇಳಿದೆ. ಇವರು ಮುಚ್ಚಳ ತೆಗೆದು ಪಟ್ಟಿಯನ್ನು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಾ ಕುಳಿತರು.

"ಭಾವ, ಇನ್ನೂ ದಪ್ಪ ರಬ್ಬರ್ ಹಾಕ್ಬಿಡಿ," ಎಂದ ತಮ್ಮ.

"ದಪ್ಪ ಹಾಕಿದ್ರೂ ಗಾಳಿ ತಳ್ಳುತ್ತೆ ಕಣೋ."

"ಮುಂದಕ್ಕೆ ಬಾಗಿಸಿದ್ರೆ?" ಎಂದೆ. "ಗಾಳಿಗೆ ಎದುರಾಗಿ?"

"ಎದುರಾಗಿ ನಿಂತ್ರೆ ಮಡಚಿಕೊಳ್ಳಲ್ವಾ?" ಎಂದರು. ಆದರೂ ಪಟ್ಟಿಯನ್ನು ಮುಂದಕ್ಕೆ ಬಾಗಿಸಿ, ಅದರ ಮಡಿಲಿಗೆ ಬಾಯಿಟ್ಟು ಜೋರಾಗಿ ಊದಿದರು. ಮುಚ್ಚಳದ ಬದಲು ಅಡ್ಡ ಹಿಡಿದಿದ್ದ ಅಂಗೈಗೆ ರಬ್ಬರ್ ಗಟ್ಟಿಯಾಗಿ ಅಂಟಿಕೊಂಡಿತು. "ಲೇ, ಗಾಳೀನೇ ಇದನ್ನ ಒತ್ತಿ ಹಿಡಿಯುತ್ತೆ! ಜೋರಾದಷ್ಟೂ ಬಿಗಿ!" ಎಂದು ನಗತೊಡಗಿದರು. ಎಷ್ಟೋ ದಿನಗಳ ಮೇಲೆ ಆ ನಗು ಕೇಳಿದ್ದೆ.

ಹೊಲಿದದ್ದನ್ನೆಲ್ಲ ಬಿಚ್ಚಿ ತಿರುಗಿಸಿ ಹೊಲಿದೆವು. ಈ ಸಲ ಎಳೆಗಳು ಏಣುಗಳೊಳಗೆ ನುಸುಳಿದವು. ಆದರೂ ಎಡಗಡೆಯ ಹಿಂದಿನ ಸಿಲಿಂಡರ್ ಮಾತ್ರ ಕಾಯುತ್ತಲೇ ಇತ್ತು. ಹುಡುಕಿದರೆ, ವೈರು ಹಾಯಿಸಲೆಂದು ಗೋಡೆಗೆ ಕೊರೆದ ತೂತೊಂದನ್ನು ಮುಚ್ಚುವುದೇ ಮರೆತಿತ್ತು. ಅದಕ್ಕೂ ಒಂದು ರಬ್ಬರ್ ಬಿಲ್ಲೆ ಬಿತ್ತು.

ವಿಮಾನವನ್ನು ಪರೀಕ್ಷಿಸಿ ಹಾರಲು ಅನುಮತಿ ಕೊಡುವ ಅಧಿಕಾರಿ ಬಂದು ಹೋಗುವಷ್ಟರಲ್ಲಿ ಬೇಸಿಗೆ ಬಂದಿತ್ತು. ತೂಬಗೆರೆ ಕಡೆಯ ಒಣಗಿದ ಕೆರೆಯಂಗಳದಿಂದ ಇವರು ಮೊದಲು ಒಬ್ಬರೇ ಹಾರಿದರು. ವಿಮಾನ ನಡೆಸುವುದನ್ನು ಯುದ್ಧಕ್ಕೆ ಮುಂಚೆಯೇ ಕಲಿತಿದ್ದರು. ಇಳಿದವರೇ ಮುಚ್ಚಳ ಬಿಚ್ಚಿ ಪಟ್ಟಿಯ ಮೇಲೆ ಕೈಯಾಡಿಸಿದರು. ಎಲ್ಲೂ ಸುಟ್ಟಿರಲಿಲ್ಲ, ಹರಿದಿರಲಿಲ್ಲ.

"ನಾನೂ ಬರ್ತೀನಿ," ಎಂದೆ. ಅಮ್ಮನಿಗೆ ಮಾತ್ರ ತಿಳಿಸಲಿಲ್ಲ.

ಮುಂದಿನ ವಾರ ಬೆಳಗ್ಗೆ ನನ್ನನ್ನು ಕೂರಿಸಿಕೊಂಡು ಊರಿನ ಮೇಲೆ ಒಂದು ಸುತ್ತು ಹಾಕಿದರು. ಬೀದಿಯುದ್ದಕ್ಕೂ ನೇಕಾರರು ಗಂಜಿ ಹಚ್ಚಲು ನೂಲು ಹಾಸಿದ್ದರು. ಕೆಂಪು, ಅರಿಸಿನ, ಹಸಿರು. ನಡೆಯುವಾಗ ಅಡ್ಡ ಬರುತ್ತವೆಂದು ಗೊಣಗಿಕೊಂಡೇ ದಾಟುತ್ತಿದ್ದ ಹಾಸುಗಳು ಅವು. ಮೇಲಿಂದ ಇಡೀ ಊರೇ ನೇಯ್ಗೆಗೆ ಹೂಡಿದಂತಿತ್ತು. ನೂಲಿನ ಪಕ್ಕದಲ್ಲಿ ನಿಂತವರೆಲ್ಲ ತಲೆಯೆತ್ತಿ ಕೈ ಬೀಸುತ್ತಿದ್ದರು. ಅವರಲ್ಲಿ ನಮ್ಮ ಮನೆಯವರು ಯಾರೆಂದು ಗುರುತಾಗದೆ, ನಾನು ಎಲ್ಲರಿಗೂ ಕೈ ಬೀಸಿದೆ.